ತಂಗುದಾಣದಿಂದ ಮನೆಯವರೆಗೆ: ನ್ಯೂಯಾರ್ಕಿನ ವಸತಿಹೀನರ ಒಂದು ಶತಮಾನ

ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಬವರಿ ಎಂಬ ಬೀದಿಯಿದೆ. ಈ ಹೆಸರಿನ ಮೂಲ ತೋಟ, ಹೊಲಮನೆ ಎಂಬರ್ಥದ ಡಚ್ ಪದ. ಒಕ್ಕಲು ಮನೆತನಗಳ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡ ಆ ಬೀದಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮನೆಯಿಲ್ಲದವರ ಬೀದಿಯೆಂದು ಅಮೆರಿಕದಲ್ಲೆಲ್ಲ ಪ್ರಸಿದ್ಧವಾಯಿತು. 1890ರಲ್ಲಿ ಜೇಕಬ್ ರೀಸ್ ತನ್ನ 'ಹೌ ದಿ ಅದರ್ ಹಾಫ್ ಲಿವ್ಸ್' ಗ್ರಂಥದಲ್ಲಿ ಅಲ್ಲಿನ ಅಗ್ಗದ ವಸತಿಗೃಹಗಳನ್ನು ಓದುಗರ ಕಣ್ಣೆದುರಿಗೆ ತಂದನು. 1894ರಲ್ಲಿ ಸ್ಟೀಫನ್ ಕ್ರೇನ್ ಅಂತಹುದೇ ವಸತಿಗೃಹವೊಂದರಲ್ಲಿ ಯುವಕನೊಬ್ಬ ಕಳೆಯುವ ಒಂದು ರಾತ್ರಿಯನ್ನು 'ಆ್ಯನ್ ಎಕ್ಸ್‌ಪೆರಿಮೆಂಟ್ ಇನ್ ಮಿಸರಿ' ಎಂಬ ಬರಹದಲ್ಲಿ ಚಿತ್ರಿಸಿದನು. ಅಮೆರಿಕನ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಎರಡೂ ಕೃತಿಗಳು ಪರಿಚಿತ. ಆದರೆ ಅವು ಎತ್ತಿದ ಪ್ರಶ್ನೆಗೆ ಆ ನಗರವು ಮುಂದಿನ ನೂರು ವರ್ಷಗಳಲ್ಲಿ ಕೊಟ್ಟ ಉತ್ತರಗಳ ಇತಿಹಾಸ ಅಷ್ಟಾಗಿ ಪರಿಚಿತವಲ್ಲ. ಮಲಗಲು ಎಡೆ ಕೊಡುವುದೂ ಮನೆ ಕೊಡುವುದೂ ಒಂದೆಯೇ ಎಂಬುದು ಆ ಪ್ರಶ್ನೆ. ಅದಕ್ಕೆ ಉತ್ತರಿಸಲು ಮುಂದಾದವರಲ್ಲಿ ಸರ್ಕಾರಕ್ಕಿಂತ ಹೆಚ್ಚಾಗಿ ವರ್ತಕರು, ಧಾರ್ಮಿಕ ಸಹೋದರರು, ವಕೀಲರು, ಸಮುದಾಯದ ಕಾರ್ಯಕರ್ತರು ಕಾಣಿಸಿಕೊಳ್ಳುತ್ತಾರೆ.

ಮಿಲ್ಸ್ ಹೌಸ್: ಲಾಭ ಮತ್ತು ಲೋಕೋಪಕಾರ

ರೀಸ್ ಡೆನ್ಮಾರ್ಕಿನಿಂದ ವಲಸೆ ಬಂದವನು. ನಿರುದ್ಯೋಗದ ದಿನಗಳಲ್ಲಿ ಅವನೇ ಪೊಲೀಸ್ ಠಾಣೆಯ ತಂಗುಕೋಣೆಯಲ್ಲಿ ಮಲಗಿದ್ದುಂಟು. ಅಂದಿನ ನ್ಯೂಯಾರ್ಕಿನಲ್ಲಿ ನಿರ್ಗತಿಕರಿಗೆ ರಾತ್ರಿ ಕಳೆಯಲು ಠಾಣೆಗಳ ನೆಲಮಾಳಿಗೆಗಳೇ ಗತಿಯಾಗಿದ್ದವು. ಆ ಕೊಳಕನ್ನೂ ಅಲ್ಲಿ ತನಗಾದ ಅವಮಾನವನ್ನೂ ಮರೆಯದ ರೀಸ್ ಪತ್ರಕರ್ತನಾದ ಮೇಲೆ ಅವುಗಳ ವಿರುದ್ಧ ಎಡೆಬಿಡದೆ ಬರೆದನು. ಪೊಲೀಸ್ ಆಯುಕ್ತರ ಮಂಡಳಿಯ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1896ರಲ್ಲಿ ಆ ಕೋಣೆಗಳನ್ನು ಮುಚ್ಚಿಸಿದನು. ಕೆಟ್ಟದ್ದನ್ನು ಮುಚ್ಚಿಸಿದ್ದು ಸರಿಯೇ. ಆದರೆ ಅಲ್ಲಿ ಮಲಗುತ್ತಿದ್ದವರು ಇನ್ನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಅದರೊಂದಿಗೇ ಹುಟ್ಟಿತು.

ಅದಕ್ಕೆ ಒಂದು ಉತ್ತರವನ್ನು ಕೊಟ್ಟವನು ಡೇರಿಯಸ್ ಆಗ್ಡನ್ ಮಿಲ್ಸ್. ಕ್ಯಾಲಿಫೋರ್ನಿಯಾದ ಚಿನ್ನದ ಕಾಲದಲ್ಲಿ ಬ್ಯಾಂಕ್ ವ್ಯವಹಾರದಿಂದ ಅಪಾರ ಸಂಪತ್ತು ಗಳಿಸಿದ ಈ ವರ್ತಕ 1897ರಲ್ಲಿ ಬ್ಲೀಕರ್ ಬೀದಿಯಲ್ಲಿ ಮೊದಲನೆಯ ಮಿಲ್ಸ್ ಹೌಸ್ ತೆರೆದನು. ಮುಂದೆ ಸಿಂಗರ್ ಗೋಪುರವನ್ನು ರೂಪಿಸಿ ಹೆಸರಾದ ಅರ್ನೆಸ್ಟ್ ಫ್ಲ್ಯಾಗ್ ಇದರ ವಾಸ್ತುಶಿಲ್ಪಿ. ಗಾಜಿನ ಮಾಡಿನ ಎರಡು ಅಂಗಳಗಳ ಸುತ್ತ ಸುಮಾರು 1,500 ಪುಟ್ಟ ಕೋಣೆಗಳು. ರಾತ್ರಿಯೊಂದಕ್ಕೆ ಬಾಡಿಗೆ 20 ಸೆಂಟು. ಇದು ದಾನವಲ್ಲವೆಂದು ಮಿಲ್ಸ್ ಸ್ಪಷ್ಟವಾಗಿ ಸಾರಿದ್ದನು. ತಂಗುವವನು ಹಣ ತೆತ್ತು ತಂಗಬೇಕು, ಕಟ್ಟಡ ತನ್ನ ವೆಚ್ಚವನ್ನು ತಾನೇ ದುಡಿದುಕೊಳ್ಳಬೇಕು, ಹೂಡಿದ ಬಂಡವಾಳಕ್ಕೆ ಮಿತವಾದ ಆದಾಯವೂ ಬರಬೇಕು ಎಂಬುದು ಅವನ ನಿಲುವು. ಪಡೆಯುವವನ ಮಾನವನ್ನು ಕಾಯುವ ಬಗೆ ಇದು ಎಂದು ಆ ಕಾಲದ ಸುಧಾರಕರೂ ನಂಬಿದ್ದರು.

ಈ ವ್ಯವಸ್ಥೆಯಲ್ಲಿ ಒಂದು ನಿಯಮ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹಗಲಿನಲ್ಲಿ ತಂಗುವವರಿಗೆ ಕೋಣೆಗಳ ಪ್ರವೇಶವಿರಲಿಲ್ಲ. ಆ ಹೊತ್ತಿನಲ್ಲಿ ಅವರು ಕೆಲಸಕ್ಕೆ ಹೋಗಬೇಕು ಅಥವಾ ಕೆಲಸ ಹುಡುಕಬೇಕು. ಮಿಲ್ಸ್ ಹೌಸ್ ತನ್ನ ಕಾಲಕ್ಕೆ ಶುಚಿಯೂ ಸುರಕ್ಷಿತವೂ ಆದ ಸ್ಥಳವಾಗಿತ್ತು. ಆದರೂ ಅದು ರಾತ್ರಿಗೆ ಮಾತ್ರ ತಂಗುವವನದು. ದುಡಿಯಬಲ್ಲವನಿಗೆ ಅದು ಮೆಟ್ಟಿಲಾಯಿತು. ರೋಗಿಗೆ, ಮುದುಕನಿಗೆ, ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡವನಿಗೆ ಅಲ್ಲಿ ಎಡೆಯಿರಲಿಲ್ಲ.

ಒಂಟಿ ಕೋಣೆಗಳು ಕಣ್ಮರೆಯಾದ ಬಗೆ

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನ್ಯೂಯಾರ್ಕಿನಲ್ಲಿ ಒಬ್ಬೊಬ್ಬರೇ ಇರುವ ಬಡವರನ್ನು ಹಿಡಿದಿಟ್ಟದ್ದು ಒಂಟಿ ಕೋಣೆಯ ಹೋಟೆಲುಗಳು. ಶೌಚಾಲಯ, ಸ್ನಾನದ ಮನೆಗಳನ್ನು ಹಲವರು ಹಂಚಿಕೊಳ್ಳಬೇಕಾಗಿದ್ದ ಈ ಕೋಣೆಗಳು ನಾಗರಿಕ ಜೀವನಕ್ಕೆ ತಕ್ಕವಲ್ಲವೆಂದು ನಗರಾಡಳಿತ ಭಾವಿಸಿತು. 1955ರಲ್ಲಿ ಅಂತಹ ಹೊಸ ಕಟ್ಟಡಗಳನ್ನು ನಿಷೇಧಿಸಿತು. ಬಳಿಕ ಹಳೆಯ ಹೋಟೆಲುಗಳನ್ನು ಉತ್ತಮ ಮನೆಗಳಾಗಿ ಪರಿವರ್ತಿಸುವ ಮಾಲೀಕರಿಗೆ ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತು. ಬ್ಲೀಕರ್ ಬೀದಿಯ ಮಿಲ್ಸ್ ಹೌಸಿನ ಗತಿಯೇ ಇದಕ್ಕೆ ನಿದರ್ಶನ. ಅದು ಮೊದಲು ಗ್ರೀನಿಚ್ ಹೋಟೆಲ್ ಎಂಬ ಹೆಸರಿನ ಬಡವರ ವಸತಿಗೃಹವಾಗಿ ಮುಂದುವರಿಯಿತು. 1970ರ ದಶಕದಲ್ಲಿ ಅನುಕೂಲಸ್ಥರ ಅಪಾರ್ಟ್‌ಮೆಂಟ್ ಆಯಿತು. ಕಟ್ಟಡ ಉಳಿಯಿತು, ಅದು ಯಾರಿಗಾಗಿ ಎದ್ದಿತ್ತೋ ಅವರು ಉಳಿಯಲಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಬಾಗಿಲೂ ಮುಚ್ಚುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿ 1955ರ ಸುಮಾರಿಗೆ 93,000ದಷ್ಟು ರೋಗಿಗಳಿದ್ದರು. ಹೊಸ ಔಷಧಿಗಳ ಮೇಲಿನ ಭರವಸೆ, ಸೆರೆಮನೆಯಂತಹ ಆಸ್ಪತ್ರೆಗಳ ಬಗೆಗಿನ ನ್ಯಾಯವಾದ ಅಸಹ್ಯ, ಸರ್ಕಾರದ ಉಳಿತಾಯದ ಲೆಕ್ಕ ಇವೆಲ್ಲ ಸೇರಿ ಮುಂದಿನ ದಶಕಗಳಲ್ಲಿ ಆ ಸಂಖ್ಯೆ ಒಂದೇ ಸಮನೆ ಇಳಿಯಿತು. ಹೊರಬಂದವರ ಆರೈಕೆಗೆ ಊರೂರಿನಲ್ಲಿ ಕೇಂದ್ರಗಳು ಏಳುತ್ತವೆ ಎಂಬ ಮಾತು ಬಹುಮಟ್ಟಿಗೆ ಮಾತಾಗಿಯೇ ಉಳಿಯಿತು. ಆಸ್ಪತ್ರೆಯಿಂದ ಹೊರಟವರು ಅಗ್ಗದ ಕೋಣೆಗಳನ್ನು ಹಿಡಿದರು. ಆ ಕೋಣೆಗಳೂ ಇಲ್ಲವಾದಾಗ ಬೀದಿಗೆ ಬಂದರು. 1970ರ ದಶಕದ ಕೊನೆಗೆ ಬವರಿಯ ದೃಶ್ಯ ಬವರಿಗಷ್ಟೇ ಸೀಮಿತವಾಗಿರಲಿಲ್ಲ. ರೈಲು ನಿಲ್ದಾಣ, ಉದ್ಯಾನ, ಅಂಗಡಿಯ ಮುಂಗಟ್ಟು ಎಲ್ಲೆಡೆಯೂ ಮನುಷ್ಯರು ಮಲಗಿದ್ದರು.

ಕ್ಯಾಲಹನ್ ಮೊಕದ್ದಮೆ

1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ತರುಣ ವಕೀಲ ಬವರಿಯ ವಸತಿಹೀನರ ಪರವಾಗಿ ರಾಜ್ಯದ ಮೇಲೂ ನಗರದ ಮೇಲೂ ದಾವೆ ಹೂಡಿದನು. ದಾವೆಯ ಮೊದಲ ವಾದಿ ರಾಬರ್ಟ್ ಕ್ಯಾಲಹನ್. ಹಾಗಾಗಿ ಅದು 'ಕ್ಯಾಲಹನ್ ವಿರುದ್ಧ ಕೇರಿ' ಎಂದೇ ಪ್ರಸಿದ್ಧವಾಯಿತು. ನಿರ್ಗತಿಕರ ಪೋಷಣೆ ಸಾರ್ವಜನಿಕ ಹೊಣೆಯೆಂದು ಸಾರುವ ವಿಧಿಯೊಂದು 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಸಂವಿಧಾನಕ್ಕೆ ಸೇರಿತ್ತು. ಆರ್ಥಿಕ ಮಹಾಕುಸಿತದ ನೆನಪಿನಲ್ಲಿ ಹುಟ್ಟಿದ ಆ ವಿಧಿಯೇ ಹೇಯ್ಸನ ವಾದಕ್ಕೆ ಆಧಾರ. ಆ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯ ವಸತಿಹೀನ ಪುರುಷರಿಗೆ ಆಶ್ರಯ ಒದಗಿಸುವಂತೆ ಆದೇಶಿಸಿತು. 1981ರ ಆಗಸ್ಟಿನಲ್ಲಿ ಉಭಯ ಪಕ್ಷಗಳ ನಡುವೆ ರಾಜಿ ಡಿಕ್ರಿಯಾಯಿತು. ಆ ಸಹಿಯನ್ನು ನೋಡಲು ಕ್ಯಾಲಹನ್ ಬದುಕಿರಲಿಲ್ಲ. ಅಷ್ಟರಲ್ಲಿಯೇ ಅವನು ಮ್ಯಾನ್‌ಹ್ಯಾಟನ್ನಿನ ಬೀದಿಯಲ್ಲಿ ಸತ್ತಿದ್ದನು.

ಈ ಡಿಕ್ರಿ ಅಮೆರಿಕದ ಸಾಮಾಜಿಕ ಇತಿಹಾಸದಲ್ಲಿ ಅಪೂರ್ವವಾದುದು. ಹಾಸಿಗೆಯ ಅಗಲ 30 ಅಂಗುಲಕ್ಕೆ ಕಡಿಮೆಯಿರಬಾರದೆಂಬಷ್ಟು ವಿವರವಾಗಿ ಅದು ಬರೆಯಲ್ಪಟ್ಟಿದೆ. ಆದರೆ ಅದು ಕೊಟ್ಟದ್ದು ಹಾಸಿಗೆಯ ಹಕ್ಕನ್ನು, ಮನೆಯ ಹಕ್ಕನ್ನಲ್ಲ. ನಗರಾಡಳಿತ ಖಾಲಿ ಸೈನಿಕ ಭವನಗಳನ್ನು ತೆರೆಯಿತು. ಫೋರ್ಟ್ ವಾಷಿಂಗ್ಟನ್ ಭವನದ ಒಂದೇ ವಿಶಾಲ ನೆಲದ ಮೇಲೆ ಸಾವಿರದಷ್ಟು ಗಂಡಸರು ಸಾಲುಮಂಚಗಳಲ್ಲಿ ಮಲಗುತ್ತಿದ್ದ ಕಾಲವಿತ್ತು. ಕಳವು, ಹೊಡೆದಾಟ, ಕ್ಷಯರೋಗಗಳಿಗೆ ಹೆದರಿ ಅಲ್ಲಿಗಿಂತ ಬೀದಿಯೇ ವಾಸಿ ಎಂದವರು ಹಲವರು. ಇಂತಹವರನ್ನು ಸಮಾಜ 'ಆಶ್ರಯವನ್ನು ಒಲ್ಲದವರು' ಎಂದು ಕರೆಯಿತು. ಅವರು ಒಲ್ಲೆನೆಂದದ್ದು ಯಾವ ಬಗೆಯ ಆಶ್ರಯವನ್ನು ಎಂದು ಕೇಳಿದವರು ಕಡಿಮೆ.

ಟೈಮ್ಸ್ ಸ್ಕ್ವೇರ್ ಹೋಟೆಲಿನ ಪುನರುಜ್ಜೀವನ

ಕೇಳಿದವರಲ್ಲಿ ಮೊದಲಿಗರು ಫ್ರಾನ್ಸಿಸ್ಕನ್ ಪಂಥದ ಕೆಲವು ಸಹೋದರರು. ಅವರು 1980ರಲ್ಲಿ ಪೂರ್ವ 24ನೆಯ ಬೀದಿಯ ಹಳೆಯ ಹೋಟೆಲೊಂದನ್ನು ಕೊಂಡು ಮಾನಸಿಕ ಅಸ್ವಸ್ಥರಾದ ವಸತಿಹೀನರಿಗೆ ಬಾಡಿಗೆಯ ಕೋಣೆಗಳನ್ನು ಕೊಟ್ಟರು. ಕೋಣೆಗೆ ಬೀಗ, ಬೀಗಕ್ಕೆ ಕೀಲಿ, ಕೆಳಗಿನ ಅಂತಸ್ತಿನಲ್ಲಿ ದಾದಿ, ವೈದ್ಯ, ಊಟ. ಸೇವಾಸಹಿತ ವಸತಿ ಎಂದು ಮುಂದೆ ಹೆಸರಾದ ಪದ್ಧತಿಗೆ ಈ ಸೇಂಟ್ ಫ್ರಾನ್ಸಿಸ್ ನಿವಾಸ ನಾಂದಿಯಾಯಿತು. 1990ರಲ್ಲಿ ನಗರವೂ ರಾಜ್ಯವೂ ಒಪ್ಪಂದ ಮಾಡಿಕೊಂಡು ಇಂತಹ 3,615 ವಸತಿಗಳಿಗೆ ಹಣ ಒದಗಿಸಲು ಮುಂದಾದವು.

ಈ ಮಾದರಿಯನ್ನು ವ್ಯಾಪಾರ ಜಗತ್ತಿನ ನಡುಮನೆಗೆ ತಂದವರು ರೋಸ್ಯಾನ್ ಹ್ಯಾಗರ್ಟಿ. 1920ರ ದಶಕದ ಆರಂಭದಲ್ಲಿ ಎದ್ದ ಟೈಮ್ಸ್ ಸ್ಕ್ವೇರ್ ಹೋಟೆಲ್ 1980ರ ದಶಕದ ಕೊನೆಗೆ ದಿವಾಳಿಯಾಗಿ ಶಿಥಿಲಗೊಂಡಿತ್ತು. ಹ್ಯಾಗರ್ಟಿಯವರು 1990ರಲ್ಲಿ ಕಾಮನ್ ಗ್ರೌಂಡ್ ಎಂಬ ಸಂಸ್ಥೆಯನ್ನು ಕಟ್ಟಿ, ಮರುವರ್ಷ ಆ ಹೋಟೆಲನ್ನು ವಶಕ್ಕೆ ತೆಗೆದುಕೊಂಡು, 652 ವಸತಿಗಳಾಗಿ ಜೀರ್ಣೋದ್ಧಾರ ಮಾಡಿದರು. ಅರ್ಧದಷ್ಟು ವಸತಿಗಳು ಬೀದಿಯಿಂದಲೋ ಆಶ್ರಯಧಾಮದಿಂದಲೋ ಬಂದವರಿಗೆ, ಉಳಿದವು ಕಡಿಮೆ ಆದಾಯದ ದುಡಿಯುವವರಿಗೆ. ರಂಗಭೂಮಿಯ ನಟರು, ಹೋಟೆಲ್ ನೌಕರರು, ಹಿಂದೆ ಬೀದಿಯಲ್ಲಿದ್ದವರು ಒಂದೇ ಪ್ರವೇಶದ್ವಾರದಿಂದ ಓಡಾಡಿದರು. ನೆಲಮಟ್ಟದಲ್ಲಿ ತೆರೆದ ಬೆನ್ ಆ್ಯಂಡ್ ಜೆರ್ರೀಸ್ ಐಸ್‌ಕ್ರೀಮ್ ಅಂಗಡಿಯಲ್ಲಿ ನಿವಾಸಿಗಳಿಗೆ ಕೆಲಸವೂ ತರಬೇತಿಯೂ ದೊರೆತವು.

ಇಲ್ಲಿನ ಹಣಕಾಸಿನ ಬಗೆ ಮಿಲ್ಸನ ಬಗೆಗಿಂತ ಭಿನ್ನ. 1986ರ ತೆರಿಗೆ ಕಾಯಿದೆಯ ಪ್ರಕಾರ ಬಡವರ ವಸತಿಗೆ ಬಂಡವಾಳ ಹೂಡುವ ಕಂಪನಿಗಳಿಗೆ ಹತ್ತು ವರ್ಷಗಳ ಕಾಲ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಪ್ರತಿಯಾಗಿ ಬಾಡಿಗೆ ಮಿತಿಯೊಳಗಿರಬೇಕು. ಐತಿಹಾಸಿಕ ಕಟ್ಟಡಗಳ ರಕ್ಷಣೆಗೂ ಇಂತಹುದೇ ವಿನಾಯಿತಿಯುಂಟು. ಈ ಎರಡನ್ನೂ ನಗರದ ಸಾಲವನ್ನೂ ಕೂಡಿಸಿ ಹೋಟೆಲ್ ಎದ್ದು ನಿಂತಿತು. ಮಿಲ್ಸನಲ್ಲಿ ಲಾಭವನ್ನು ತೆತ್ತವನು ತಂಗುವ ಬಡವ. ಇಲ್ಲಿ ಅದನ್ನು ತೆತ್ತದ್ದು ಸಾರ್ವಜನಿಕ ಬೊಕ್ಕಸ. ಲಾಭದ ಆಸೆಯನ್ನು ಅಳಿಸದೆ ಅದರ ದಿಕ್ಕನ್ನು ಮಾತ್ರ ತಿರುಗಿಸಿದ್ದು ಈ ವ್ಯವಸ್ಥೆಯ ಜಾಣ್ಮೆ.

ಅಂಗಡಿ ಮುಂಗಟ್ಟಿನ ಹಿತ

ವರ್ತಕರ ಪಾತ್ರಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮರೆಮಾಚಿದರೆ ಇತಿಹಾಸ ಅಪೂರ್ಣವಾಗುತ್ತದೆ. 1980ರ ದಶಕದಿಂದ ನ್ಯೂಯಾರ್ಕಿನಲ್ಲಿ ವ್ಯಾಪಾರ ಸುಧಾರಣಾ ವಲಯಗಳು ರೂಪುಗೊಂಡವು. ಒಂದು ಪ್ರದೇಶದ ಆಸ್ತಿಗಳ ಒಡೆಯರು ತಮ್ಮ ಮೇಲೆ ತಾವೇ ಹೆಚ್ಚುವರಿ ಕರ ಹೇರಿಕೊಂಡು ಸ್ವಚ್ಛತೆ, ಕಾವಲು ಮುಂತಾದ ಕೆಲಸಗಳನ್ನು ನಡೆಸುವ ವ್ಯವಸ್ಥೆ ಇದು. ಬಾಗಿಲ ಮುಂದೆ ಮಲಗಿದವನು ವ್ಯಾಪಾರಕ್ಕೆ ಅಡ್ಡಿಯೆಂಬ ಭಾವನೆ ಇಂತಹ ವಲಯಗಳಲ್ಲಿ ಸಹಜವಾಗಿತ್ತು. ಅವನನ್ನು ಸಾಗಿಸುವುದು, ಅವನಿಗೆ ನೆರವಾಗುವುದು ಇವೆರಡರ ನಡುವಿನ ಗೆರೆ ಬಹಳ ತೆಳುವಾದುದು.

ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಸುತ್ತಲಿನ ವಲಯದಲ್ಲಿ ಆ ಗೆರೆ ದಾಟಿಹೋದ ಆರೋಪ ಕೇಳಿಬಂದಿತು. ವಲಯದ ಪರವಾಗಿ ಕೆಲಸ ಮಾಡುತ್ತಿದ್ದವರು ವಸತಿಹೀನರನ್ನು ಹೊಡೆದು ಓಡಿಸಿದರೆಂದು 1995ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ವಲಯವು ಅದನ್ನು ನಿರಾಕರಿಸಿತು. ನ್ಯಾಯಾಲಯದಲ್ಲಿ ತೀರ್ಮಾನವಾದದ್ದು ಇನ್ನೊಂದು ವಿಷಯ. ಉದ್ಯೋಗ ತರಬೇತಿಯ ಹೆಸರಿನಲ್ಲಿ ವಸತಿಹೀನರಿಂದ ಕಾವಲು, ಕಸಗುಡಿಸುವಿಕೆ ಮುಂತಾದ ಕೆಲಸ ಮಾಡಿಸಿಕೊಂಡು ಹಲವರಿಗೆ ಗಂಟೆಗೆ ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೊಡಲಾಗುತ್ತಿತ್ತು. ಅದು ಶಾಸನಬದ್ಧ ಕನಿಷ್ಠ ವೇತನದ ಅರ್ಧಕ್ಕೂ ಕಡಿಮೆ. ಇವರು ತರಬೇತಿಯ ಅಭ್ಯರ್ಥಿಗಳಲ್ಲ, ಕಾನೂನಿನ ದೃಷ್ಟಿಯಲ್ಲಿ ನೌಕರರೇ. ಇವರಿಗೆ ಕನಿಷ್ಠ ವೇತನ ಸಲ್ಲಬೇಕು ಎಂದು 1998ರಲ್ಲಿ ತೀರ್ಪಿತ್ತವರು ನ್ಯಾಯಾಧೀಶೆ ಸೋನಿಯಾ ಸೊಟೊಮಯೊರ್. ಮುಂದೆ 2009ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡವರೂ ಇವರೇ. ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ದುಡಿದವನ ಕೂಲಿಯನ್ನು ಕರುಣೆಯ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ ಎಂಬುದು ಈ ತೀರ್ಪಿನಿಂದ ಸ್ಪಷ್ಟವಾಯಿತು.

ಮೊದಲು ಮನೆ

ಅದುವರೆಗಿನ ಬಹುತೇಕ ಯೋಜನೆಗಳು ಏಣಿಯ ತತ್ತ್ವವನ್ನು ಒಪ್ಪಿದ್ದವು. ಬೀದಿಯಿಂದ ಆಶ್ರಯಧಾಮ, ಅಲ್ಲಿಂದ ಚಿಕಿತ್ಸೆ, ಕುಡಿತ ಬಿಟ್ಟ ಮೇಲೆ ತಾತ್ಕಾಲಿಕ ವಸತಿ, ಕೊನೆಗೆ ಮನೆ. ಮನೋವಿಜ್ಞಾನಿ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಪಾತ್‌ವೇಸ್ ಟು ಹೌಸಿಂಗ್ ಈ ಏಣಿಯನ್ನು ತಲೆಕೆಳಗು ಮಾಡಿತು. ಸಾಮಾನ್ಯ ಕಟ್ಟಡಗಳಲ್ಲಿ ಬಾಡಿಗೆ ಮನೆಯನ್ನು ಮೊದಲೇ ಕೊಡುವುದು, ಚಿಕಿತ್ಸೆಯನ್ನು ಷರತ್ತಾಗಿಸದಿರುವುದು, ನಿವಾಸಿ ತನ್ನ ಆದಾಯದ ಶೇ. 30ನ್ನು ಬಾಡಿಗೆಗೆ ಕೊಡುವುದು. ಕಾರ್ಯಕರ್ತರು ನಿಯತವಾಗಿ ಭೇಟಿ ಕೊಡುವುದು. ಇಷ್ಟೇ ಅದರ ಸೂತ್ರ. ಮನೆಯಿಲ್ಲದೆ ಮನಸ್ಸು ನೆಲೆಗೊಳ್ಳದು ಎಂಬುದು ಅದರ ಹಿಂದಿನ ತರ್ಕ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಐದು ವರ್ಷಗಳ ಬಳಿಕ ಈ ಪದ್ಧತಿಯವರಲ್ಲಿ ಶೇ. 88ರಷ್ಟು ಜನ ಮನೆಯಲ್ಲೇ ಉಳಿದಿದ್ದರು. ಏಣಿಯ ಪದ್ಧತಿಯಲ್ಲಿ ಹಾಗೆ ಉಳಿದವರು ಶೇ. 47.

ಇದೇ ಹೊತ್ತಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೆನ್ನಿಸ್ ಕಲ್‌ಹೇನ್ ಆಶ್ರಯಧಾಮಗಳ ದಾಖಲೆಗಳನ್ನು ಶೋಧಿಸಿ ಹೊಸ ಸಂಗತಿಯೊಂದನ್ನು ಹೊರಗೆಡಹಿದರು. ಆಶ್ರಯ ಬಯಸಿ ಬರುವ ಒಂಟಿ ವಯಸ್ಕರಲ್ಲಿ ಶೇ. 80ರಷ್ಟು ಜನ ಅಲ್ಪಕಾಲ ಇದ್ದು ಹೊರಟುಹೋಗುತ್ತಾರೆ. ವರ್ಷಗಟ್ಟಲೆ ಉಳಿಯುವ ಶೇ. 10ರಷ್ಟು ಜನ ಒಟ್ಟು ಹಾಸಿಗೆಗಳ ಅರ್ಧದಷ್ಟನ್ನು ಬಳಸುತ್ತಾರೆ. 'ದೀರ್ಘಕಾಲಿಕ ವಸತಿಹೀನತೆ' ಎಂಬ ಪರಿಕಲ್ಪನೆಗೆ ಬಲ ಬಂದದ್ದು ಇಲ್ಲಿಂದ. 2002ರಲ್ಲಿ ಅವರೂ ಅವರ ಸಹಸಂಶೋಧಕರೂ 1990ರ ಒಪ್ಪಂದದಡಿ ವಸತಿ ಪಡೆದ 4,679 ಜನರ ಲೆಕ್ಕವನ್ನು ಪ್ರಕಟಿಸಿದರು. ವಸತಿ ಸಿಗುವ ಮೊದಲು ಒಬ್ಬೊಬ್ಬನಿಗೂ ಆಸ್ಪತ್ರೆ, ಸೆರೆಮನೆ, ಆಶ್ರಯಧಾಮಗಳಲ್ಲಿ ವರ್ಷಕ್ಕೆ 40,451 ಡಾಲರ್ ವೆಚ್ಚವಾಗುತ್ತಿತ್ತು. ವಸತಿ ದೊರೆತ ಮೇಲೆ ಪ್ರತಿ ವಸತಿಗೆ 16,281 ಡಾಲರ್ ಉಳಿಯಿತು. ವಸತಿಯ ವೆಚ್ಚ 17,277 ಡಾಲರ್. ಎಂದರೆ ವರ್ಷಕ್ಕೆ ಸಾವಿರ ಡಾಲರಿಗೂ ಕಡಿಮೆ ಹೆಚ್ಚುವರಿ ಖರ್ಚಿನಲ್ಲಿ ಒಬ್ಬ ಮನುಷ್ಯ ಬೀದಿಯಿಂದ ಮನೆಗೆ ಬರುತ್ತಿದ್ದನು. ಕರುಣೆಯ ಭಾಷೆಗೆ ಕಿವಿಗೊಡದ ಆಡಳಿತಗಾರರೂ ಉದ್ಯಮಿಗಳೂ ಈ ಲೆಕ್ಕದ ಭಾಷೆಗೆ ಕಿವಿಗೊಟ್ಟರು.

ಇಪ್ಪತ್ತು ಚೌಕಗಳು ಮತ್ತು ಒಂದು ನಗರ

ಟೈಮ್ಸ್ ಸ್ಕ್ವೇರ್ ಹೋಟೆಲ್ ತುಂಬಿದ್ದರೂ ಅದರ ಹೊರಗಿನ ಬೀದಿಯಲ್ಲಿ ಮಲಗುವವರು ಉಳಿದೇ ಇದ್ದರು. ತಾನಾಗಿ ಅರ್ಜಿ ಹಿಡಿದು ಬರಬಲ್ಲವನಿಗೆ ಮಾತ್ರ ಬಾಗಿಲು ತೆರೆದಿದೆ ಎಂಬುದು ಕಾಮನ್ ಗ್ರೌಂಡ್ ಸಂಸ್ಥೆಗೆ ಆಗ ಅರಿವಾಯಿತು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಬೆಕಿ ಕನಿಸ್ ಅವರ ನೇತೃತ್ವದಲ್ಲಿ ಸಂಸ್ಥೆ ಹೊಸ ಕೆಲಸ ಹಿಡಿಯಿತು. ಕಾರ್ಯಕರ್ತರು ನಸುಕಿನಲ್ಲಿ ಬೀದಿ ಬೀದಿ ನಡೆದು, ಮಲಗಿದವರ ಹೆಸರು ಕೇಳಿ ಬರೆದುಕೊಂಡರು. ಅವರ ಆರೋಗ್ಯ ಎಂತಹುದು, ಎಷ್ಟು ವರ್ಷಗಳಿಂದ ಅಲ್ಲಿದ್ದಾರೆ ಎಂದು ವಿಚಾರಿಸಿದರು. ಸಾವಿಗೆ ಹೆಚ್ಚು ಹತ್ತಿರವಿರುವವನಿಗೆ ಮೊದಲ ಮನೆ ಎಂಬುದು ಕ್ರಮವಾಯಿತು. ಸಾಮಾನ್ಯ ಸರತಿಸಾಲಿನಲ್ಲಿ ಗಟ್ಟಿಗನೇ ಮುಂದಿರುತ್ತಾನೆ. ಇಲ್ಲಿ ಅತ್ಯಂತ ದುರ್ಬಲನು ಮುಂದಾದನು. 2005ರಿಂದ 2007ರ ಅವಧಿಯಲ್ಲಿ ಟೈಮ್ಸ್ ಸ್ಕ್ವೇರಿನ ಇಪ್ಪತ್ತು ಚೌಕಗಳಲ್ಲಿ ಬೀದಿಯಲ್ಲಿ ಮಲಗುವವರ ಸಂಖ್ಯೆ ಶೇ. 87ರಷ್ಟು ಇಳಿಯಿತು. ಇದರಿಂದ ಪ್ರೇರಿತವಾಗಿ 2010ರಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಆಂದೋಲನ 2014ರ ವೇಳೆಗೆ ಅಮೆರಿಕದ ಹಲವು ಊರುಗಳಲ್ಲಿ 1,05,000ಕ್ಕೂ ಹೆಚ್ಚು ಜನರಿಗೆ ಮನೆ ಸಿಕ್ಕಿದ್ದನ್ನು ಎಣಿಸಿತು.

ಹಾಗಿದ್ದರೆ ನ್ಯೂಯಾರ್ಕಿನ ಸಮಸ್ಯೆ ಬಗೆಹರಿಯಿತೇ? ನಗರವು ಪ್ರತಿ ವರ್ಷ ಚಳಿಗಾಲದ ಒಂದು ರಾತ್ರಿ ಬೀದಿಯಲ್ಲಿರುವವರನ್ನು ಎಣಿಸುತ್ತದೆ. 2005ರ ಎಣಿಕೆಯಲ್ಲಿ ಅವರು ಸುಮಾರು 4,400. 2024ರಲ್ಲಿ 4,100ಕ್ಕೂ ಹೆಚ್ಚು. ಇಪ್ಪತ್ತು ಚೌಕಗಳಲ್ಲಿ ಕಂಡ ಇಳಿತ ಇಡೀ ನಗರದ ಲೆಕ್ಕದಲ್ಲಿ ಕಾಣುವುದಿಲ್ಲ. ಮನೆ ಪಡೆದವರು ಬಹುಮಟ್ಟಿಗೆ ಮನೆಯಲ್ಲಿಯೇ ಉಳಿದರು. ಆದರೆ ಅವರ ಜಾಗಕ್ಕೆ ಹೊಸಬರು ಬಂದರು. ಆಶ್ರಯಧಾಮಗಳಲ್ಲಿರುವವರ ಸಂಖ್ಯೆಯಂತೂ ಈ ದಶಕದಲ್ಲಿ ಲಕ್ಷವನ್ನು ದಾಟಿತು. ಅವರಲ್ಲಿ ಮಕ್ಕಳೊಂದಿಗರಾದ ಕುಟುಂಬಗಳೇ ಬಹಳ. ದೀರ್ಘಕಾಲಿಕ ವಸತಿಹೀನತೆಗೆ ಕಂಡುಕೊಂಡ ಮದ್ದು ಇವರ ಬಾಧೆಗೆ ಮದ್ದಲ್ಲ. ಇವರನ್ನು ಹೊರದೂಡಿದ್ದು ರೋಗಕ್ಕಿಂತ ಮಿಗಿಲಾಗಿ ಬಾಡಿಗೆ.

ಆದ್ದರಿಂದ ಈ ನೂರು ವರ್ಷಗಳ ಇತಿಹಾಸವನ್ನು ಗೆಲುವಿನ ಕಥೆಯೆಂದಾಗಲಿ ಸೋಲಿನ ಕಥೆಯೆಂದಾಗಲಿ ಬರೆಯಲಾಗದು. ವರ್ತಕರ ಹಣ ಎಲ್ಲಿ ಸಮುದಾಯದ ನೈತಿಕ ಹಿಡಿತದಲ್ಲಿತ್ತೋ ಅಲ್ಲಿ ಮನೆಗಳು ಎದ್ದವು. ಎಲ್ಲಿ ಆ ಹಿಡಿತ ತಪ್ಪಿತೋ ಅಲ್ಲಿ ಬೀದಿ ಮಾತ್ರ ಶುಚಿಯಾಯಿತು. ಬೀದಿಯಲ್ಲಿ ವರ್ಷಗಟ್ಟಲೆ ಮಲಗಿದವನು ಮನೆಯನ್ನು ಒಲ್ಲದವನಲ್ಲ ಎಂಬುದನ್ನು ಸೇಂಟ್ ಫ್ರಾನ್ಸಿಸ್ ನಿವಾಸದಿಂದ ಪಾತ್‌ವೇಸ್‌ವರೆಗಿನ ಪ್ರಯೋಗಗಳು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟಿವೆ. ಅದೇ ನಗರ 1955ರಿಂದ ತಾನೇ ಅಳಿಸಿಹಾಕಿದ ಒಂಟಿ ಕೋಣೆಗಳ ಸಂಖ್ಯೆಗೆ ಈ ಪ್ರಯೋಗಗಳು ಕಟ್ಟಿದ ಮನೆಗಳು ಇಂದಿಗೂ ಸಮವಾಗಿಲ್ಲ. ಕ್ಯಾಲಹನ್ ಹೆಸರಿನ ಡಿಕ್ರಿ ಕೊಟ್ಟ ಮೂವತ್ತು ಅಂಗುಲದ ಹಾಸಿಗೆಗೂ ಕೀಲಿಯಿರುವ ಒಂದು ಕೋಣೆಗೂ ನಡುವಿನ ದೂರವನ್ನು ಕ್ರಮಿಸುವ ಕೆಲಸ ಆ ನಗರದ ಮುಂದೆ ಹಾಗೆಯೇ ಉಳಿದಿದೆ.